ಹೆಸರಿಗೆಂದು ಬಿಟ್ಟ ಜಾಗ

ಅರಸೀಕೆರೆ, ಹೊರಡುವ ಮೊದಲು

ನಾನು ಬೇಲೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಿಲಬಸ್ ಮುಗಿಯದಿದ್ದಾಗ ಗಣಿತದ ಮೇಷ್ಟ್ರು ಯಾರ ಪೀರಿಯಡ್ ಕಿತ್ತುಕೊಳ್ಳುತ್ತಾರೋ ಆತ. ವಾರ್ಷಿಕೋತ್ಸವದ ಹಿಂದಿನ ದಿನ ಮಾತ್ರ ಆತನನ್ನು ‘ನಮ್ಮ ಕಲಾವಿದರು’ ಎನ್ನುತ್ತಾರೆ. ಪರದೆ ಬರೆದು ಮುಗಿಸಿದ ಮೇಲೆ ಆತ ಮತ್ತೆ ಮೇಷ್ಟ್ರು. ಇಂಥವನೊಬ್ಬ ವಿಮಾನ ಹತ್ತಿ ಶಾರ್ಜಾಕ್ಕೆ ಹೋಗಿ, ಅರಬ್ಬರ ನಾಡಿನಲ್ಲೇ ಅರಬ್ಬಿ ಅಕ್ಷರಗಳ ಚಿತ್ರ ತೋರಿಸಿ ಬಂದ ಎಂದರೆ ನೀವು ನಂಬಬೇಕಾಗಿಲ್ಲ. ನಮ್ಮ ಹೆಡ್‌ಮಾಸ್ಟರೂ ನಂಬಲಿಲ್ಲ. ರಜೆ ಚೀಟಿಯನ್ನು ಎರಡು ಸಲ ಓದಿ, “ಶಾರ್ಜಾ ಅಂದ್ರೆ ಕ್ರಿಕೆಟ್ ಆಡೋ ಜಾಗ ಅಲ್ವೇನ್ರೀ? ನಿಮಗಲ್ಲೇನು ಕೆಲಸ?” ಎಂದರು.

ಎಲ್ಲಕ್ಕೂ ಕಾರಣ ನನ್ನ ಭಾಮೈದ ನಾಗರಾಜು. ಅವನು ಅರಸೀಕೆರೆ ರೈಲ್ವೆ ಸ್ಟೇಷನ್ ಹತ್ತಿರ ಒಂದು ಡಿಟಿಪಿ ಅಂಗಡಿ ಇಟ್ಟಿದ್ದ. ನಾಮಕರಣದ ಕಾರ್ಡು, ಮದುವೆ ಕಾರ್ಡು, ತಿಥಿ ಕಾರ್ಡು ಎಲ್ಲ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಹೂಬಳ್ಳಿಯ ಅಂಚಿನೊಳಗೆ ತಯಾರಾಗುತ್ತಿದ್ದವು. ರಜೆ ಸಿಕ್ಕಾಗಲೆಲ್ಲ ನಾನು ಹಳೇಬೀಡು, ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಅವನು ಊಟಕ್ಕೆ ಹೋದಾಗ ಕರೆಂಟೂ ಇದ್ದರೆ ಮೌಸು ನನ್ನ ಕೈಗೆ ಬರುತ್ತಿತ್ತು.

ನಾಗರಾಜುವಿನ ಕಂಪ್ಯೂಟರಿಗೆ ಉರ್ದು ಬರುತ್ತಿರಲಿಲ್ಲ. ಹಾಗಾಗಿ ಉರ್ದು ಮದುವೆ ಕಾರ್ಡುಗಳನ್ನು ಖಲೀಲ್ ಸಾಹೇಬರು ಕೈಯಲ್ಲಿ ಬರೆದು ತರುತ್ತಿದ್ದರು, ಇವನು ಸ್ಕ್ಯಾನ್ ಮಾಡುತ್ತಿದ್ದ. ಸಾಹೇಬರಿಗೆ ಆಗಲೇ ಎಪ್ಪತ್ತರ ಹತ್ತಿರ. ಅರಸೀಕೆರೆಯ ಅರ್ಧದಷ್ಟು ಅಂಗಡಿಗಳ ಬೋರ್ಡು ಅವರದೇ ಕೈ. ಕನ್ನಡ, ಇಂಗ್ಲಿಷು, ಉರ್ದು ಮೂರನ್ನೂ ಬರೆಯುತ್ತಿದ್ದರು. ಆದರೆ ದಿನವೂ ಬೆಳಿಗ್ಗೆ ಬ್ರಷ್ ಮುಟ್ಟುವ ಮೊದಲು ಜೊಂಡಿನ ಲೇಖನಿ ಹಿಡಿದು, ಅರಬ್ಬಿಯ ನಾಲ್ಕೈದು ಅಕ್ಷರಗಳನ್ನೇ ಮತ್ತೆ ಮತ್ತೆ ಬರೆಯುತ್ತಿದ್ದರು, ಸಂಗೀತದವರು ಸರಳೆ ಹಾಡಿದ ಹಾಗೆ. ಅಂಥ ಒಂದು ಹಾಳೆ ಮದುವೆ ಕಾರ್ಡಿನ ಜೊತೆ ಅಂಗಡಿಗೆ ಬಂದುಬಿಟ್ಟಿತ್ತು.

“ಸಾಬ್ರೇ, ಇದನ್ನ ನಾನು ಸ್ವಲ್ಪ ಆಟಕ್ಕೆ ಬಳಸ್ಕೊಳ್ಳಲಾ?” ಎಂದು ಕೇಳಿದೆ.

“ಬಳಸ್ಕೊಳಿ ಮೇಷ್ಟ್ರೇ. ಕಾಗದ ವಾಪಸ್ ಕೊಟ್ಬಿಡಿ, ಇನ್ನೊಂದು ಮಗ್ಗಲು ಖಾಲಿ ಐತೆ.”

ಆಮೇಲೆ ಹತ್ತಾರು ಹಾಳೆ ತಂದುಕೊಟ್ಟರು. ಬೇಲೂರು ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನಾನು ಚಿಕ್ಕಂದಿನಿಂದ ನೋಡಿ ಬರೆದವನು. ಆ ನಕ್ಷತ್ರದಂಥ ಕಿಂಡಿಗಳ ಲೆಕ್ಕಾಚಾರ ನನಗೆ ಬಾಯಿಪಾಠ. ಸಾಹೇಬರ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ತಿರುಗಿಸಿ, ನೂರಾರು ಸಲ ಜೋಡಿಸಿ ಅಂಥ ಜಾಲಂಧ್ರ ಮಾಡಿದೆ. ಆರು ಚಿತ್ರಗಳಾದವು. ಸತ್ಯವಾಗಿ ಹೇಳುತ್ತೇನೆ, ಚೆನ್ನಾಗಿದ್ದವು.

ಬೇಲೂರಿನಲ್ಲಿ ಹುಟ್ಟಿದವರಿಗೆ ಒಂದು ಚಟವಿದೆ. ನಮ್ಮ ಗುಡಿಯಲ್ಲಿ ಎಷ್ಟೋ ವಿಗ್ರಹಗಳ ಪೀಠದಲ್ಲಿ ಕೆತ್ತಿದವನ ಹೆಸರಿದೆ. ಬರೀ ಹೆಸರಲ್ಲ, ಅಪ್ಪನ ಹೆಸರು, ಊರು, ಎದುರಾಳಿ ಶಿಲ್ಪಿಗಳ ಎದೆ ಒಡೆಯುವಂಥ ಬಿರುದು. ಹಾಗಾಗಿ ಹೆಸರಿಲ್ಲದ್ದು ನಮ್ಮ ಕಣ್ಣಿಗೆ ಅರ್ಧಕ್ಕೇ ನಿಂತ ಕೆಲಸ. ಚಿತ್ರದ ಬಲಗಡೆ ಮೂಲೆಯಲ್ಲಿ ದಪ್ಪಗೆ ‘ಬೇಲೂರು ಶ್ರೀಕಂಠ’ ಎಂದು ಹಾಕಿದೆ. ಅಕ್ಷರ ಬರೆದವರ ಹೆಸರೂ ಬೇಕೆಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಜಾಗ ಸಾಲದು ಎಂದುಕೊಂಡೆ. ನಾಲ್ಕಡಿ ಚಿತ್ರದಲ್ಲಿ.

ನನ್ನ ಮನಸ್ಸಿಗೆ ಒಂದು ಸಮಾಧಾನವೂ ಇತ್ತು. ಅರಸೀಕೆರೆಯ ಉಳಿದ ಬೋರ್ಡಿನವರು ಅಂಗಡಿಯ ಹೆಸರಿಗಿಂತ ತಮ್ಮ ‘ಆರ್ಟ್ಸ್’ ಹೆಸರನ್ನೇ ಎದ್ದು ಕಾಣುವಂತೆ ಬರೆಯುತ್ತಿದ್ದರು. ಸಾಹೇಬರು ಒಂದು ಬೋರ್ಡಿಗೂ ಹೆಸರು ಹಾಕಿದವರಲ್ಲ. ಒಮ್ಮೆ ಯಾಕೆಂದು ಕೇಳಿದ್ದೆ. “ಹುಕುಂ ಬಂದಿಲ್ಲ ಮೇಷ್ಟ್ರೇ” ಎಂದು ನಕ್ಕಿದ್ದರು. ತಮಾಷೆ ಇರಬೇಕೆಂದು ನಾನೂ ನಕ್ಕಿದ್ದೆ. ಹೆಸರಿನ ಆಸೆ ಇಲ್ಲದವರ ಹೆಸರು ಬಿಟ್ಟರೆ ತಪ್ಪೇನು? ಹೀಗೆಲ್ಲ ಯೋಚಿಸಲು ನನಗೆ ಯಾರೂ ಕಲಿಸಬೇಕಾಗಿಲ್ಲ.

ನಾಗರಾಜು ಆ ಚಿತ್ರಗಳನ್ನು ಎಲ್ಲಿಗೋ ಇಮೇಲ್ ಮಾಡಿದ. ಎರಡು ತಿಂಗಳ ಮೇಲೆ ಶಾರ್ಜಾದಿಂದ ಉತ್ತರ ಬಂತು. ಅರಬ್ಬಿ ಬರಹದ ಸಂಪ್ರದಾಯದಿಂದ ಹುಟ್ಟಿದ ಕಂಪ್ಯೂಟರ್ ಕಲೆಯ ಪ್ರದರ್ಶನವಂತೆ. ಒಂದು ಚಿತ್ರ ಆರಿಸಿದ್ದಾರೆ, ಕಲಾವಿದರು ಖುದ್ದಾಗಿ ಬರಬೇಕು, ಟಿಕೆಟ್ಟು ಅವರದೇ. ಹೊರಡುವ ಮುನ್ನ ಸಾಹೇಬರಿಗೆ ಹೇಳಿದೆ. “ನಮ್ಮ ಅಕ್ಷರ ವಿಮಾನ ಹತ್ತುತ್ತಾ?” ಎಂದು ಮಗುವಿನಂತೆ ಖುಷಿಪಟ್ಟರು. ಹೆಸರಿನ ವಿಷಯ ನಾನು ಎತ್ತಲಿಲ್ಲ.

ಆಕಾಶದಲ್ಲಿ

ವಿಮಾನದಲ್ಲಿ ನನ್ನ ಪಕ್ಕ ಕೂತ ಮಲಯಾಳಿ ಮಹಾನುಭಾವರು ಇಪ್ಪತ್ತು ವರ್ಷದಿಂದ ಆ ದೇಶಕ್ಕೆ ಹೋಗಿಬರುತ್ತಿದ್ದರು. ನನ್ನ ಹೆಂಡತಿ ವಿಮಲ ಕಟ್ಟಿಕೊಟ್ಟ ಡಬ್ಬಿ ತೆರೆದು ಅವರಿಗೊಂದು ಕಜ್ಜಾಯ ಕೊಡಲು ಹೋದೆ. ಅವರು ಹಾವು ಕಂಡವರಂತೆ ಹಿಂದೆ ಸರಿದು, ಕಜ್ಜಾಯದ ಮೇಲೆ ಅಂಟಿದ್ದ ಬಿಳಿ ಕಾಳು ತೋರಿಸಿ, “ಇದು ಎಂತದ್ದು?” ಎಂದರು.

“ಗಸಗಸೆ.”

ಗಸಗಸೆ ಆ ದೇಶದಲ್ಲಿ ಮಾದಕ ವಸ್ತುವಿನ ಲೆಕ್ಕವೆಂದು, ಸಿಕ್ಕಿಬಿದ್ದರೆ ಜೈಲೆಂದು ಅವರು ಬಹಳ ಶಾಂತವಾಗಿ ವಿವರಿಸಿದರು. ವಿಮಲ ಸಂಪ್ರದಾಯ ಬಿಡುವವಳಲ್ಲ, ಹದಿನಾಲ್ಕು ಕಜ್ಜಾಯಕ್ಕೂ ಧಾರಾಳವಾಗಿ ಗಸಗಸೆ ಅದ್ದಿದ್ದಳು. ಕಸಕ್ಕೆ ಹಾಕಿ ಬರಬಹುದಿತ್ತು. ಆದರೆ ಆಕೆ ಎರಡು ದಿನ ಪಾಕ ಹದ ಮಾಡಿ ಕರಿದದ್ದನ್ನು ಕಸಕ್ಕೆ ಹಾಕಿದೆನೆಂದು ಗೊತ್ತಾದರೆ ಜೈಲೇ ವಾಸಿ. ಒಂದೊಂದಾಗಿ ಹದಿನಾಲ್ಕನ್ನೂ ತಿಂದೆ. ಗಗನಸಖಿ ಊಟ ತಂದಾಗ ಅದನ್ನೂ ತಿಂದೆ, ಬೇಡವೆಂದರೆ ಅನುಮಾನ ಬಂದೀತೆಂದು. ಕಸ್ಟಮ್ಸಿನವನು ಖಾಲಿ ಡಬ್ಬಿ ಅಲ್ಲಾಡಿಸಿ ನೋಡಿ ಬಿಟ್ಟ. ನನ್ನನ್ನು ಅಲ್ಲಾಡಿಸಿದ್ದರೆ ಸಿಕ್ಕಿಬೀಳುತ್ತಿದ್ದೆ.

ಶಾರ್ಜಾ, ಮೊದಲ ದಿನ

ನನ್ನ ಹೆಸರಿನ ಹಲಗೆ ಹಿಡಿದು ಹೊರಗೆ ನಿಂತಿದ್ದವನು ಹಂಸ. ಪ್ರದರ್ಶನದವರ ಡ್ರೈವರೂ ಅವನೇ, ದುಭಾಷಿಯೂ ಅವನೇ. ಕೇರಳದವನು. ನಾನು ಹರಕು ಇಂಗ್ಲಿಷಿನಲ್ಲಿ ಶುರು ಮಾಡುವಷ್ಟರಲ್ಲಿ, “ಸಾರ್, ಬೇಲೂರು ಅಲ್ಲವಾ? ನಾನು ಹಾಸನದಲ್ಲಿ ಆರು ವರ್ಷ ಬೇಕರಿ ಸಾರ್. ದಿಲ್‌ಪಸಂದ್ ಮಾಡುವುದು ನಾನೇ” ಎಂದ. ಸಮುದ್ರ ದಾಟಿ ಬಂದು ಮೊದಲು ಕೇಳಿದ ಮಾತು ಹಾಸನದ ಬೇಕರಿಯದು. ವಿದೇಶ ಎಂದರೆ ಬಹಳ ದೂರ ಎಂದು ಯಾರು ಹೇಳಿದರೋ.

ಊರು ಚೊಕ್ಕಟವಾಗಿತ್ತು. ರಸ್ತೆ ಬದಿಯಲ್ಲಿ ಒಬ್ಬರು ಮಲಗಿ ಉರುಳುವಷ್ಟು ಅಗಲದ ಫುಟ್‌ಪಾತು, ಅದರ ಮೇಲೆ ನಡೆಯುವವರೇ ಇಲ್ಲ. ನಮ್ಮಲ್ಲಿ ನಡೆಯುವವರು ಬೇಕಾದಷ್ಟಿದ್ದಾರೆ, ಫುಟ್‌ಪಾತ್ ಇಲ್ಲ. ಎರಡೂ ಊರಿನ ಪುರಸಭೆಯವರು ಕೂತು ಮಾತಾಡಿಕೊಂಡರೆ ಒಳ್ಳೆಯದು. ಒಬ್ಬ ಮನುಷ್ಯ ರಸ್ತೆ ದಾಟಲು ನಿಂತರೆ ಅಷ್ಟೂ ಕಾರುಗಳು ನಿಲ್ಲುತ್ತವೆ. ಹಾಗೆ ನಿಂತದ್ದು ನೋಡಿ ಗಾಬರಿಯಾಗಿ ನಾನು ವಾಪಸ್ ಫುಟ್‌ಪಾತಿಗೇ ಹತ್ತಿದೆ. ಹೋಟೆಲಿನವನು ಬಹಳ ಹೆಮ್ಮೆಯಿಂದ ಈಜುಕೊಳ ತೋರಿಸಿದ. ಇಳಿಯಲು ನಾಲ್ಕು ಮೆಟ್ಟಿಲು. ಹಳೇಬೀಡಿನ ಹತ್ತಿರ ಹುಲಿಕೆರೆ ಕಲ್ಯಾಣಿಯ ಸಾಲು ಸಾಲು ಮೆಟ್ಟಿಲಲ್ಲಿ ಕೂತು ಕಡ್ಲೆಕಾಯಿ ತಿಂದವನು ನಾನು. ಪಾಪ, ಅವನಿಗೇಕೆ ಬೇಸರವೆಂದು “ಬಹಳ ಆಳ” ಎಂದೆ.

ಸಂಜೆ ಪ್ರದರ್ಶನಕ್ಕೆ ಹೋದೆವು. ಒಂದು ಕೋಣೆಯಲ್ಲಿ ಅಕ್ಷರಗಳು ಗೋಡೆಯ ಮೇಲಿಂದ ಮಳೆಯಂತೆ ಸುರಿದು ನೆಲದಲ್ಲಿ ಇಂಗುತ್ತಿದ್ದವು. ಇನ್ನೊಂದರಲ್ಲಿ ನಾವು ಕೈ ತಟ್ಟಿದರೆ ಪರದೆಯ ಮೇಲಿನ ಸಾಲು ಬೆಚ್ಚಿಬಿದ್ದು ಹಕ್ಕಿಯ ಹಿಂಡಾಗಿ ಹಾರಿ, ಬೇರೆ ಸಾಲಾಗಿ ಬಂದು ಕೂರುತ್ತಿತ್ತು. ನಾನು ಏಳು ಸಲ ತಟ್ಟಿದೆ. ಮೂರನೆಯ ಕೋಣೆಯಲ್ಲಿ ಬರೀ ಬಿಳಿ ಗೋಡೆ. ಅದರ ಮುಂದೆ ಐದು ನಿಮಿಷ ನಿಂತು, ತಲೆ ಓರೆ ಮಾಡಿ, ಅರ್ಥವಾದವನಂತೆ ಉಸಿರು ಬಿಟ್ಟೆ. ಪಕ್ಕದ ಇಬ್ಬರು ವಿದೇಶಿಯರೂ ಹಾಗೇ ಮಾಡಿದರು. ಆಮೇಲೆ ಹಂಸ ಬಂದು, ಆ ಕೋಣೆಯ ಪ್ರೊಜೆಕ್ಟರ್ ಕೆಟ್ಟಿದೆ, ನಾಳೆ ಬರುತ್ತದೆ ಎಂದ.

ನನ್ನ ಚಿತ್ರ ಒಂದು ಗೋಡೆಗೆ ಒಂಟಿಯಾಗಿತ್ತು. ಆ ದೀಪದ ಬೆಳಕಿನಲ್ಲಿ ನನ್ನ ಕಣ್ಣೇ ತುಂಬಿಬಂತು. ಮೂಲೆಯಲ್ಲಿ ‘ಬೇಲೂರು ಶ್ರೀಕಂಠ’ ಕೂಡ ಅಷ್ಟೇ ಬೆಳಕಿನಲ್ಲಿ ಹೊಳೆಯುತ್ತಿತ್ತು. ಕನ್ನಡ ಓದಲು ಬಾರದವರು ಅದನ್ನೂ ಚಿತ್ರದ ಭಾಗವೆಂದು ತಿಳಿದು ಮೆಚ್ಚಿಕೊಂಡರು.

ಎರಡನೇ ದಿನ

ಡಮಾಸ್ಕಸ್ಸಿನಿಂದ ಬಂದ ಒಬ್ಬ ಹಿರಿಯ ಲಿಪಿಕಾರರು ಆ ದಿನ ಅಲ್ಲಿದ್ದರು. ಎಲ್ಲರೂ ಅವರಿಗೆ ಉಸ್ತಾದ್ ಎನ್ನುತ್ತಿದ್ದರು. ಮಳೆ ಸುರಿಯುವ ಕೋಣೆಯಲ್ಲಿ ಅವರು ಅರ್ಧ ನಿಮಿಷ ನಿಂತರು. ನನ್ನ ಚಿತ್ರದ ಮುಂದೆ ಇಪ್ಪತ್ತು ನಿಮಿಷ ನಿಂತರು. ಕಾಗದಕ್ಕೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದರು. ನಾನು ಹಾರ ಹಾಕಿಸಿಕೊಳ್ಳುವವನ ಮುಖ ಮಾಡಿಕೊಂಡು ಪಕ್ಕದಲ್ಲಿ ನಿಂತೆ.

ನಮ್ಮನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಇದೆ, ಲೋಟ ಹೆಬ್ಬೆರಳಿನಷ್ಟು. ಕುಡಿದು ಕೆಳಗಿಡುವ ಮುನ್ನವೇ ಮತ್ತೆ ತುಂಬಿದರು.

ಉಸ್ತಾದರು ಕೇಳಿದ್ದನ್ನು ಹಂಸ ಕನ್ನಡಕ್ಕೆ ತಂದ. “ಈ ಅಕ್ಷರದ ಕೈ ಯಾರದು ಅಂತ ಕೇಳ್ತಾರೆ ಸಾರ್.”

“ನನ್ನದೇ” ಎಂದೆ. ಮೌಸ್ ಹಿಡಿದದ್ದು ನನ್ನ ಕೈಯೇ ತಾನೇ.

“ನಿಮ್ಮ ಗುರು ಯಾರು? ಹೆಸರು ಹಾಕಲಿಕ್ಕೆ ಅಪ್ಪಣೆ ಕೊಟ್ಟದ್ದು ಯಾರು?”

“ಅಪ್ಪಣೆ ಯಾಕಪ್ಪಾ? ನಮ್ಮೂರಲ್ಲಿ ಒಂಬೈನೂರು ವರ್ಷದ ಹಿಂದೇನೇ ಶಿಲ್ಪಿಗಳು ಹೆಸರು ಹಾಕ್ಕೊಂಡಿದಾರೆ, ಬಿರುದು ಸಮೇತ, ಅಂತ ಹೇಳು.”

ಹಂಸ ಹೇಳಿದ. ಮುದುಕರು ಮನಸಾರೆ ನಕ್ಕರು. ಲೋಟ ಮತ್ತೆ ತುಂಬಿತು. ಆಮೇಲೆ ಅವರು ಹೇಳಿದ್ದು ಇಷ್ಟು: ಅವರ ಪರಂಪರೆಯಲ್ಲಿ ಶಿಷ್ಯ ವರ್ಷಗಟ್ಟಲೆ ಬರೆಯುತ್ತಾನೆ, ಆದರೆ ಹೆಸರು ಹಾಕುವುದಿಲ್ಲ. ಕೈ ಪಕ್ವವಾಯಿತು ಎಂದು ಗುರುವಿಗೆ ಅನಿಸಿದ ದಿನ, ‘ಇನ್ನು ನೀನು ಹೆಸರು ಹಾಕಬಹುದು’ ಎಂದು ಒಂದು ಹಾಳೆಯಲ್ಲಿ ಅಪ್ಪಣೆ ಬರೆದುಕೊಡುತ್ತಾನೆ. ಅದು ಸಿಗುವವರೆಗೆ ಎಂಥ ಕೈಯಾದರೂ ಅನಾಮಿಕ.

ಹುಕುಂ ಬಂದಿಲ್ಲ ಮೇಷ್ಟ್ರೇ. ಆ ಮಾತು ಆಗ ನೆನಪಾಯಿತು.

ಉಸ್ತಾದರು ಒಂದು ಜೊಂಡಿನ ಲೇಖನಿಯನ್ನು ಮಸಿಯಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. “ಒಂದು ಚುಕ್ಕೆ ಇಡಿ ಅಂತಾರೆ ಸಾರ್. ಒಂದೇ ಒಂದು.” ಆ ಬರಹದಲ್ಲಿ ಎಲ್ಲ ಅಕ್ಷರಕ್ಕೂ ಚುಕ್ಕೆಯೇ ಅಳತೆಗೋಲಂತೆ. ಸಾಹೇಬರು ಇಡುತ್ತಿದ್ದ ಚುಕ್ಕೆ ನನಗೆ ಗೊತ್ತಿತ್ತು, ಕೊಬ್ಬರಿ ಮಿಠಾಯಿಯ ತುಂಡಿನಂತೆ ನಾಲ್ಕು ಮೂಲೆಯೂ ಚೂಪು. ನಾನು ಇಟ್ಟದ್ದು ಯಾರೋ ಹೊಸಕಿದ ತಿಗಣೆಯ ಹಾಗಿತ್ತು.

“ಇವತ್ತು ಕೈ ನೋವು” ಎಂದೆ.

ಹಂಸ ಅದನ್ನೂ ನಿಷ್ಠೆಯಿಂದ ಹೇಳಿದ. ಲೋಟ ಮತ್ತೆ ತುಂಬಿತು. ಒಂಬತ್ತನೆಯದು ಕುಡಿಯುವಾಗ ಹಂಸ ಪಿಸುಗುಟ್ಟಿದ: “ಸಾರ್, ಸಾಕಾದರೆ ಲೋಟ ಸ್ವಲ್ಪ ಅಲ್ಲಾಡಿಸಬೇಕು. ಇಲ್ಲದಿದ್ದರೆ ಅವರು ಹಾಕುತ್ತಲೇ ಇರುತ್ತಾರೆ.” ಇದನ್ನು ಮೊದಲನೆಯ ಲೋಟಕ್ಕೇ ಹೇಳಬಹುದಿತ್ತು. ಸುಳ್ಳು ಹೇಳುತ್ತಾ ಒಂಬತ್ತು ಲೋಟ ಕುಡಿದವನಿಗೆ ಆ ದಿನವೆಲ್ಲ ಎದೆ ಬಡಿದುಕೊಳ್ಳುತ್ತಿತ್ತು. ಎಲ್ಲವನ್ನೂ ಕಾಫಿಯ ತಲೆಗೆ ಕಟ್ಟಿದೆ.

ಮೂರನೇ ದಿನ

ಮಾರನೆಯ ದಿನ ಉಸ್ತಾದರು ಒಂದು ಹಾಳೆಯನ್ನು ಸುರುಳಿ ಸುತ್ತಿ ತಂದಿದ್ದರು. ಬಿಚ್ಚಿ ಮೇಜಿನ ಮೇಲೆ ಹರಡಿದರು. ಅಂಚಿಗೆ ಚಿನ್ನದ ಗೆರೆ, ನಡುವೆ ಕಪ್ಪು ಮಸಿಯ ಐದು ಸಾಲು. ನಾಲ್ಕನೆಯ ಸಾಲಿನ ಮಧ್ಯೆ ಎರಡು ಬೆರಳಗಲ ಖಾಲಿ ಬಿಟ್ಟಿತ್ತು.

ಹಂಸ ನಿಧಾನವಾಗಿ ಓದಿದ. “ಈ ಅಕ್ಷರಗಳನ್ನು ಬರೆದ ಕೈ ಪಕ್ವವಾದ ಕೈ. ಇನ್ನು ಮುಂದೆ ಹೆಸರು ಹಾಕಲಿಕ್ಕೆ ನಾನು ಅಪ್ಪಣೆ ಕೊಟ್ಟಿದ್ದೇನೆ ಅಂತ ಉಂಟು ಸಾರ್. ಮುಖ ನೋಡದೆ ಯಾರಿಗೂ ಕೊಡುವುದಿಲ್ಲವಂತೆ. ಇದು ಮೊದಲ ಸಲವಂತೆ.” ಆಮೇಲೆ ಖಾಲಿ ಜಾಗದ ಮೇಲೆ ಬೆರಳಿಟ್ಟ. “ಇಲ್ಲಿ ಹೆಸರು ಬರಬೇಕು. ಅದು ನಿಮಗೆ ಗೊತ್ತುಂಟಂತೆ. ನೀವೇ ತುಂಬಬೇಕಂತೆ.”

ಉಸ್ತಾದರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಚಿತ್ರದ ಹತ್ತಿರ ಕರೆದುಕೊಂಡು ಹೋಗಿ, ನಕ್ಷತ್ರದ ಒಂದು ಮೊನೆಯಲ್ಲಿ ಹೊಂದಲೆಂದು ನಾನು ಕೂದಲೆಳೆಯಷ್ಟು ಓರೆ ಮಾಡಿದ್ದ ಅಕ್ಷರವನ್ನು ತೋರಿಸಿದರು. ಇದನ್ನು ಬರೆದವನು ಹೀಗೆ ಓರೆ ಮಾಡುವವನಲ್ಲ, ಓರೆ ಮಾಡಿದವನು ಬೇರೆ ಎಂದರಂತೆ. ಜೋಡಿಸಿದವನ ಕಣ್ಣೂ ಒಳ್ಳೆಯದು, ಆದರೆ ಕಣ್ಣು ಕೈಯ ಹೆಸರನ್ನು ತಿನ್ನಬಾರದು ಎಂದೂ ಹೇಳಿದರು. ನನಗೆ ನಾಚಿಕೆಯಾಯಿತು. ಹೊಗಳಿಕೆಯ ಅರ್ಧ ಭಾಗ ನನಗೂ ಬಂತಲ್ಲ ಎಂದು ಆ ನಾಚಿಕೆಯ ನಡುವೆಯೂ ಖುಷಿಯಾಯಿತು. ನಾನು ಅಂಥ ಮನುಷ್ಯ.

ಮರಳುವಾಗ ವಿಮಾನದಲ್ಲಿ ಸುರುಳಿ ನನ್ನ ತೊಡೆಯ ಮೇಲಿತ್ತು. ಆ ಎರಡು ಬೆರಳಗಲದಲ್ಲಿ ‘ಶ್ರೀಕಂಠ’ ಸಲೀಸಾಗಿ ಹಿಡಿಸುತ್ತಿತ್ತು. ಊರಲ್ಲಿ ಅರಬ್ಬಿ ಓದಿ ಕೇಳುವವರು ಯಾರು? ಚೌಕಟ್ಟು ಹಾಕಿಸಿ ಸ್ಟಾಫ್ ರೂಮಿನಲ್ಲಿ ತೂಗುಹಾಕಿದರೆ ಗಣಿತದ ಮೇಷ್ಟ್ರು ಮತ್ತೆ ನನ್ನ ಪೀರಿಯಡ್ ಮುಟ್ಟುತ್ತಿರಲಿಲ್ಲ. ಬೆಂಗಳೂರು ಮುಟ್ಟುವವರೆಗೆ ಇದನ್ನೇ ಲೆಕ್ಕ ಹಾಕಿದೆ.

ಮತ್ತೆ ಅರಸೀಕೆರೆ

ಬೆಳಗಿನ ರೈಲಿನಲ್ಲಿ ಅರಸೀಕೆರೆಗೆ ಇಳಿದಾಗ ನಾಗರಾಜು ಹಾರ ಹಿಡಿದು ನಿಂತಿದ್ದು ಕೊರಳಿಗೆ ಹಾಕಿದ. “ಭಾವ, ಬೇಲೂರಿನ ಸ್ಕೂಲಲ್ಲಿ ಸನ್ಮಾನ ಇಟ್ಕೊಂಡವ್ರೆ, ಹೆಡ್‌ಮಾಸ್ಟರ್ ಎರಡು ಸಲ ಫೋನ್ ಮಾಡಿದ್ರು. ಬಸ್ಸಿಗೆ ಟೈಮಾಯ್ತು, ನಡೀರಿ” ಎಂದ.

“ಹತ್ತು ನಿಮಿಷ ತಡಿ” ಎಂದು ಹಾರ ತೆಗೆದು ಅವನ ಕೈಗೇ ಕೊಟ್ಟು ಖಲೀಲ್ ಸಾಹೇಬರ ಮನೆಗೆ ನಡೆದೆ. ಒಳ್ಳೆಯತನದಿಂದ ಎಂದುಕೊಳ್ಳಬೇಡಿ. ಆ ಮುದುಕರ ನೋಟ ಡಮಾಸ್ಕಸ್ಸಿಗೆ ವಾಪಸ್ ಹೋಗಿರಲೇ ಇಲ್ಲ, ನನ್ನ ಬೆನ್ನಿಗೇ ಅಂಟಿಕೊಂಡು ಬಂದಿತ್ತು.

ಸಾಹೇಬರು ಜಗುಲಿಯಲ್ಲಿ ಕೂತು ಬರೆಯುತ್ತಿದ್ದರು. ನಾನು ಸುರುಳಿ ಕೊಟ್ಟೆ. ಅವರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಮೂರನೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದು, ಲುಂಗಿಯ ಚುಂಗಿನಲ್ಲಿ ಒರೆಸಿಕೊಂಡು ಮತ್ತೆ ಹಾಕಿದರು.

“ಮೈಸೂರಲ್ಲಿ ನಮ್ಮ ಉಸ್ತಾದ್ರು ಇದ್ರು ಮೇಷ್ಟ್ರೇ. ಮುಂದಿನ ರಂಜಾನಿಗೆ ಬಾ, ಬರ್ಕೊಡ್ತೀನಿ ಅಂದಿದ್ರು. ರಂಜಾನಿಗೆ ಮುಂಚೇನೇ ತೀರ್ಕೊಂಡ್ಬಿಟ್ರು. ನಲವತ್ತು ವರ್ಷ ಆಯ್ತು.”

ನನಗೆ ತಡೆಯಲಾಗಲಿಲ್ಲ. “ಸಾಬ್ರೇ, ನಿಮ್ಮ ಅಕ್ಷರಕ್ಕೆ ನಾನು ನನ್ನ ಹೆಸರು ಹಾಕ್ಬಿಟ್ಟಿದ್ದೆ. ತಪ್ಪಾಯ್ತು.”

“ಗೊತ್ತು. ನೀವು ಹೋಗೋಕ್ ಮುಂಚೆ ನಾಗರಾಜಣ್ಣನ ಅಂಗಡೀಲಿ ಪ್ರಿಂಟ್ ನೋಡಿದ್ದೆ. ಕನ್ನಡ ಓದೋಕೆ ಬರಲ್ವಾ ನಂಗೆ? ಈ ಊರಿನ ಬೋರ್ಡೆಲ್ಲಾ ಬರ್ದೋನೇ ನಾನು.”

“ಮತ್ತೆ ಯಾಕೆ ಒಂದ್ ಮಾತು ಅನ್ನಲಿಲ್ಲ?”

“ಹೆಸರು ಹಾಕೋ ಹಕ್ಕು ನಂಗೇ ಇರ್ಲಿಲ್ಲ. ನಿಮಗೆ ಬ್ಯಾಡ ಅನ್ನೋಕೆ ನಾನ್ಯಾರು?”

ಈ ಮಾತನ್ನು ಅವರು ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಲೇಖನಿಯ ತುದಿ ಒರೆಸುತ್ತಾ, ಇವತ್ತು ಬಿಸಿಲು ಜಾಸ್ತಿ ಅನ್ನುವ ದನಿಯಲ್ಲಿ ಹೇಳಿದರು. ನಾನು ತಲೆ ತಗ್ಗಿಸಿ, ಅವರು ನನಗೇ ತುಂಬಲು ಹೇಳಿದ್ದಾರೆ, ಆದರೂ ಹೆಸರು ನೀವೇ ತುಂಬಿಬಿಡಿ ಎಂದು ಹಾಳೆಯನ್ನು ಅವರತ್ತ ತಳ್ಳಿದೆ. ಅವರು ವಾಪಸ್ ನನ್ನತ್ತ ತಳ್ಳಿದರು.

“ತಗೊಳೋನು ತನ್ನ ಹೆಸರು ತಾನೇ ಬರ್ಕೋಬಾರ್ದು. ಅವ್ರು ನಿಮಗೆ ತಾನೇ ತುಂಬಿ ಅಂದಿರೋದು? ನೀವೇ ಬರೀರಿ.”

“ನಂಗೆ ಒಂದು ಚುಕ್ಕೆ ಇಡಕ್ಕೂ ಬರಲ್ಲ ಸಾಬ್ರೇ.”

“ಅದ್ಕೇನು, ಭಾನುವಾರ ಬನ್ನಿ.”

ಬೇಲೂರಿನ ಸನ್ಮಾನದಲ್ಲಿ ಶಾಲು ಹೊದಿಸಿದರು. ನಾನು ಮೈಕಿನ ಮುಂದೆ ನಿಂತು ಅಕ್ಷರ ಬರೆದವರು ಅರಸೀಕೆರೆಯ ಖಲೀಲ್ ಸಾಹೇಬರು ಎಂದೆ. ಹೆಡ್‌ಮಾಸ್ಟರು, “ನಮ್ಮ ಮೇಷ್ಟ್ರದು ಎಂಥಾ ವಿನಯ!” ಎಂದು ಚಪ್ಪಾಳೆ ತಟ್ಟಿಸಿದರು. ನಿಜ ಹೇಳಿದರೂ ಹೆಸರು ನನಗೇ ಬಂತು. ಇಂಥ ಊರಿನಲ್ಲಿ ಏನು ಮಾಡುವುದು?

ಭಾನುವಾರದಿಂದ ನಾನು ಮತ್ತೆ ಜಾವಗಲ್ ಬಸ್ಸಿನ ಗಿರಾಕಿ. ಮೊದಲ ಆರು ಭಾನುವಾರ ಬರೀ ಚುಕ್ಕೆ. ಮೇಷ್ಟ್ರಾಗಿ ಇಪ್ಪತ್ತು ವರ್ಷ ಮಕ್ಕಳ ಚಿತ್ರಕ್ಕೆ ಕೆಂಪು ಗೆರೆ ಎಳೆದವನು ನಾನು, ಈಗ ಸಾಹೇಬರು ನನ್ನ ಹಾಳೆಯ ಮೇಲೆ ಕೆಂಪು ಮಸಿಯಲ್ಲಿ ತಿದ್ದಿದರು. ಆಮೇಲೆ ನೆಟ್ಟ ಗೆರೆ, ಆಮೇಲೆ ಕೊಕ್ಕೆ. ಕಂಪ್ಯೂಟರಿನಲ್ಲಿ ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು. ಇಲ್ಲಿ ಹಿಂದಕ್ಕೆ ಹೋಗಬೇಕಾದರೆ ಮುಂದಿನ ಭಾನುವಾರ ಬರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಸಾಹೇಬರು ಆ ಚಿನ್ನದ ಗೆರೆಯ ಹಾಳೆಯನ್ನೇ ತಂದು ಮುಂದಿಟ್ಟರು. ಉಸಿರು ಬಿಗಿಹಿಡಿದು ಆ ಎರಡು ಬೆರಳಗಲದಲ್ಲಿ ಅವರ ಹೆಸರು ಬರೆದೆ.

ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹತ್ತಿರ ಹಿಡಿದರು, ದೂರ ಹಿಡಿದರು.

“ಓದ್ಬೋದು” ಎಂದರು.

ಆ ವಾರ ಅವರು ಸಂತೆ ಬೀದಿಯ ಒಂದು ಸೈಕಲ್ ಶಾಪಿಗೆ ಬೋರ್ಡು ಬರೆದರು. ಏಣಿ ಹಿಡಿಯಲು ನಾನೂ ಹೋಗಿದ್ದೆ. ಕೆಲಸ ಮುಗಿದ ಮೇಲೆ ಬ್ರಷ್ ಕೆಳಗಿಟ್ಟು, ಜೇಬಿನಿಂದ ತೆಳ್ಳನೆಯ ಲೇಖನಿ ತೆಗೆದು, ಕೆಳಗಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಏನೋ ಬರೆದರು. ಏಣಿ ಇಳಿದು ಕೈ ಒರೆಸಿಕೊಂಡರು. ಇಬ್ಬರೂ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೂತೆವು.

ಅಷ್ಟರಲ್ಲಿ ಸೈಕಲ್ ಶಾಪಿನ ಯಜಮಾನ ಬೋರ್ಡು ನೋಡಲು ಹೊರಗೆ ಬಂದ. ತಲೆ ಎತ್ತಿ, ಇಳಿಸಿ, ಏಣಿ ಹತ್ತಿ ಮೂಲೆಯ ಹತ್ತಿರ ಕಣ್ಣು ಕಿರಿದು ಮಾಡಿ, ಹೆಗಲ ಮೇಲಿನ ಒರಸುಬಟ್ಟೆ ತೆಗೆದ. “ಸಾಬ್ರೇ, ಇಲ್ಲೊಂಚೂರು ಬಣ್ಣ ಸಿಡಿದೈತೆ, ಒರೆಸ್ಬಿಡ್ಲಾ?”

ಸಾಹೇಬರು ಬಾಯಿ ತೆರೆಯುವ ಮೊದಲೇ ನಾನು ಚಹಾ ಚೆಲ್ಲಿಕೊಂಡು ರಸ್ತೆಗೆ ಓಡಿದ್ದೆ.

“ಮುಟ್ಬೇಡ ಕಣಯ್ಯಾ! ಅದನ್ನ ಬರಿಯಕ್ಕೆ ನಲವತ್ತು ವರ್ಷ ಹಿಡಿದೈತೆ!”